ಬೂಟಿನ ಮೂಟೆ

ಮೊನ್ನೆ ನಮ್ಮ ಮೈಸೂರಿನ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರ ಮಗಳು ಫೋನ್ ಮಾಡಿದ್ದರು. ಅಪ್ಪನ ಟ್ರಂಕಿನಲ್ಲಿ ನಿಮ್ಮ ಫುಟ್‌ಬಾಲ್ ತಂಡದ ಫೋಟೋ ಸಿಕ್ಕಿತು ಎಂದರು. 11 ಹುಡುಗರು, ಎಲ್ಲರೂ ಬರಿಗಾಲಲ್ಲಿ. ಮೇಷ್ಟ್ರೊಬ್ಬರೇ ಬೂಟು ಹಾಕಿಕೊಂಡು ನಡುವೆ ಕೂತಿದ್ದಾರೆ. ಅದು 1953. ಈಗ ಮೇಷ್ಟ್ರಿಲ್ಲ. ಫೋಟೋದಲ್ಲಿರುವ ಹುಡುಗರಲ್ಲಿ ಉಳಿದಿರುವುದು ನಾನು ಮತ್ತು ನಮ್ಮ ಗೋಲಿ, ಅಂದರೆ ಗೋಲ್‌ಕೀಪರ್, ಇಬ್ಬರೇ.

ಆಗ ಕಾಲಿಗೆ ಬಟ್ಟೆಪಟ್ಟಿ ಬಿಗಿದುಕೊಂಡರೆ ಆಟಕ್ಕೆ ಸಿದ್ಧ. ಚರ್ಮದ ಚೆಂಡು, ಒಳಗೊಂದು ಬ್ಲಾಡರ್, ಮೇಲೆ ಲೇಸಿನ ಹೊಲಿಗೆ. ಮಳೆಯಲ್ಲಿ ನೆನೆದರೆ ಕಲ್ಲಿನ ಹಾಗೆ ಭಾರ. ಲೇಸಿನ ಕಡೆ ಹಣೆಗೆ ಬಡಿದರೆ ಎರಡು ದಿನ ಗುರುತು ಹೋಗುತ್ತಿರಲಿಲ್ಲ.

ನಮ್ಮ ಪಾಲಿಗೆ ದೇವರೆಂದರೆ ಬೆಂಗಳೂರಿನ ರಾಮನ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದವರು. ಭಾರತ 2-1ರಲ್ಲಿ ಸೋತಿತು, ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದವು. ಆದರೆ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರಲ್ವಾ! ಆ ಹೆಮ್ಮೆ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಉಳಿದಿತ್ತು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಲ್ಲಿ ಸೋಲಿಸಿತು. ನಮ್ಮ ಆ ಒಂದು ಗೋಲು ಕೂಡ ಬೆಂಗಳೂರಿನ ಅಹ್ಮದ್ ಖಾನ್ ಅವರದೇ. ಆಮೇಲೆ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಎಂದಿತು.

ನಮ್ಮ ಮೇಷ್ಟ್ರು ಕಾಯಲಿಲ್ಲ. ಪ್ರಿನ್ಸಿಪಾಲರ ಹತ್ತಿರ ದುಡ್ಡು ಕೇಳಿ 11 ಜೊತೆ ಬೂಟು ತರಿಸಿದರು. ಕಣಕಾಲು ಮುಚ್ಚುವ ಎತ್ತರ, ಗಟ್ಟಿ ಮೂತಿ, ಕೆಳಗೆ ಕಾಲು ಜಾರದ ಹಾಗೆ ಮೊಳೆ ಹೊಡೆದ ಸ್ಟಡ್ಡು. ಹರಳೆಣ್ಣೆ ತಿಕ್ಕಿದರೂ ಚರ್ಮ ಮೆತ್ತಗಾಗಲಿಲ್ಲ. ಹಾಕಿಕೊಂಡರೆ ಚೆಂಡು ಎಲ್ಲಿ ತಾಗಿತು ಅಂತಲೇ ಗೊತ್ತಾಗದು. ನಾನು ಲೆಫ್ಟ್ ಔಟ್, ಅಂದರೆ ಎಡ ಅಂಚಿನಲ್ಲಿ ಮುಂದೆ ಆಡುವವನು. ಮೈದಾನದ ಮೂಲೆಯಿಂದ ಕಾರ್ನರ್ ಹೊಡೆದರೆ ಚೆಂಡು ತಿರುಗಿ ಗೋಲಿನ ಮುಂದೆ ಬೀಳುತ್ತಿತ್ತು. ಅಂಥ ಕಾರ್ನರ್ ಹೊಡೆಯುವವರು ಆಗ ಮೈಸೂರಿನಲ್ಲಿ ಇನ್ನೊಬ್ಬರಿರಲಿಲ್ಲ. ಬೂಟು ಹಾಕಿದ ಮೇಲೆ ಅದು ಹೊರಟೇಹೋಯಿತು.

ಬೆಂಗಳೂರಿನಲ್ಲಿ ಪಂದ್ಯವಿತ್ತು. ಹಿಂದಿನ ರಾತ್ರಿ ಗೋಲಿಯೂ ನಾನೂ ಬೂಟಿನ ಮೂಟೆಯನ್ನು ಹಾಸ್ಟೆಲ್ ಅಡುಗೆಮನೆಯ ಸೌದೆಯ ಹಿಂದೆ ಬಚ್ಚಿಟ್ಟೆವು. ಬೆಳಿಗ್ಗೆ ಎಲ್ಲರೂ ಸುಮ್ನೆ ರೈಲು ಹತ್ತಿದರು. ಮದ್ದೂರಿನಲ್ಲಿ ವಡೆ ತಿನ್ನುವಾಗ ಮೇಷ್ಟ್ರು ಕೇಳಿದರು, "ಮೂಟೆ ಎಲ್ರಯ್ಯಾ?" ಯಾರೂ ಬಾಯಿ ಬಿಡಲಿಲ್ಲ. ಅವರು ನಮ್ಮ ಮುಖಗಳನ್ನೇ ನೋಡಿದರು. ವಡೆ ತಿಂದು ಮುಗಿಸಿದರು. ಅಷ್ಟೇ.

ಮೈದಾನದಲ್ಲಿ ಜೋರು ಮಳೆ. ಮೇಷ್ಟ್ರು ತಮ್ಮ ಬೂಟು ಬಿಚ್ಚಿಟ್ಟು, ಪಂಚೆ ಮೇಲೆ ಕಟ್ಟಿ, ಗೆರೆಯಾಚೆ ಕೆಸರಿನಲ್ಲಿ ಬರಿಗಾಲಲ್ಲೇ ನಿಂತರು. ಪಂದ್ಯ ಮುಗಿಯುವವರೆಗೂ ಕದಲಲಿಲ್ಲ. ನಾವು 3-1ರಲ್ಲಿ ಸೋತೆವು. ನಮ್ಮ ಗೋಲು ಬಂದದ್ದು ನನ್ನ ಕಾರ್ನರಿನಿಂದ. ಆದರೆ ಎದುರಾಳಿಯ ಬೂಟಿಗೆ ಸಿಕ್ಕಿ ನನ್ನ ಹೆಬ್ಬೆರಳ ಉಗುರು ಕಿತ್ತುಬಂದಿತ್ತು. ವಾಪಸು ರೈಲಿನಲ್ಲಿ ಮೇಷ್ಟ್ರು ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕರವಸ್ತ್ರ ಹರಿದು ಕಟ್ಟಿದರು. ನಾನು ಅತ್ತೆ, ನೋವಿಗಲ್ಲ. "ಸೌದೆ ಹಿಂದೆ ಇಟ್ಟಿದ್ದೀವಿ ಸಾರ್" ಎಂದೆ. "ಇಲಿ ಕಡಿಯದಿದ್ದರೆ ಸಾಕು" ಎಂದರು.

ಮಾರನೆಯ ವಾರವಿಡೀ ಬೂಟು ಹಾಕಿಕೊಂಡೇ ಕ್ಲಾಸಿಗೆ ಬರಬೇಕೆಂದು ಅಪ್ಪಣೆಯಾಯಿತು. ಕಾಲು ಒಗ್ಗಲಿ ಅಂತ. ಮೇಷ್ಟ್ರು ಬೋರ್ಡಿನ ಮೇಲೆ ಏನೇನು ಬರೆದರೋ, ಒಂದೂ ನೆನಪಿಲ್ಲ. ಕಲ್ಲುನೆಲದ ಮೇಲೆ ನಮ್ಮ ಬೂಟುಗಳ ಸದ್ದು ಮಾತ್ರ ಈಗಲೂ ಕಿವಿಯಲ್ಲಿದೆ. ಆ ವರ್ಷದ ಕೊನೆಯ ಎರಡು ಪಂದ್ಯ ಗೆದ್ದೆವು. ಬೂಟು ಹಾಕಿಕೊಂಡೇ.

ಹೋದ ತಿಂಗಳು ಕಾಲೇಜಿಗೆ ಬಂದಿದ್ದೆ. ನಮ್ಮ ಮೈದಾನದ ಅರ್ಧದಲ್ಲಿ ವಾಹನಗಳು ನಿಂತಿವೆ. ನನ್ನ ಮೊಮ್ಮಗ ಗಂಟೆಗಿಷ್ಟು ಅಂತ ದುಡ್ಡು ಕೊಟ್ಟು ಬೇರೆ ಕಡೆ ಆಡುತ್ತಾನೆ. ಅವನಿಗೆ ಒಳ್ಳೆಯ ಕೋಚ್ ಇದ್ದಾರೆ. ಆದರೆ ಪಾಠ ಹೇಳುವ ಮೇಷ್ಟ್ರೇ ಸಂಜೆ ಮೈದಾನದಲ್ಲೂ ಸಿಗುವ ಭಾಗ್ಯ ಅವನಿಗಿಲ್ಲ. ಅಧ್ಯಾಪಕರನ್ನು ದೂರುತ್ತಿಲ್ಲ, ಅವರಿಗೆ ಕಾಗದಪತ್ರದ ಕೆಲಸವೇ ಜಾಸ್ತಿಯಾಗಿದೆ. ಉಳಿದಿರುವ ಅರ್ಧ ಮೈದಾನವನ್ನಾದರೂ ಹುಡುಗರಿಗೆ ಬಿಡಿ.

ಆ ಬೂಟುಗಳಲ್ಲಿ ಒಂದು ಜೊತೆ ನನ್ನ ಹತ್ತಿರ ಇದೆ. ಎಡಗಾಲಿನದರಲ್ಲಿ ಎರಡು ಸ್ಟಡ್ಡು ಹೋಗಿವೆ. ಕಾಲೇಜು ಒಂದು ಗಾಜಿನ ಬೀರುವಿನಲ್ಲಿ ಜಾಗ ಕೊಟ್ಟರೆ, ಮೇಷ್ಟ್ರ ಫೋಟೋ ಜೊತೆಗೆ ನಾನೇ ತಂದು ಇಡುತ್ತೇನೆ.