ಮೂರು ಸಲ ಕಟ್ಟಿದ ಹಗ್ಗ

ತೀರ್ಥಹಳ್ಳಿ ಕಡೆ ಒಂದು ಸಣ್ಣ ಅಂಗಡಿಯಲ್ಲಿ ವೀಡ್ ಕಟರ್, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವುದು ನನ್ನ ಕೆಲಸ. ಮಳೆ ಬಿದ್ದು ತೋಟದಲ್ಲಿ ಕಳೆ ಎದ್ದಿತೆಂದರೆ ಅಂಗಡಿಗೆ ಜಾಸ್ತಿ ಬರುವುದು ಒಂದೇ ದೂರು: "ಸ್ಟಾರ್ಟರ್ ಹಗ್ಗ ತುಂಡಾಯ್ತು." ಎಂಜಿನ್ ಶುರು ಮಾಡಲು ಎಳೆಯುವ ಹಗ್ಗ ಅದು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಡಿಕೆ ತೋಟದ ಯಜಮಾನರೊಬ್ಬರ ವೀಡ್ ಕಟರ್‌ಗೆ ಹೊಸ ಹಗ್ಗ ಕಟ್ಟಿ ಕೊಟ್ಟೆ. ಹತ್ತು ದಿನಕ್ಕೆ ವಾಪಸ್ ಬಂತು. ಇನ್ನೊಂದು ಕಟ್ಟಿದೆ. ಮತ್ತೆ ಬಂದರು. "ಹಗ್ಗ ಸರಿ ಇಲ್ವಾ ಮಾರಾಯ, ನಾನು ಎಳೆಯೋದೇ ಸರಿ ಇಲ್ವಾ?" ಎಂದರು. ಗದರಲಿಲ್ಲ. ಆದರೆ ಆಳು ಬಂದ ದಿನ ಮಷೀನು ನಿಂತರೆ ಒಂದು ದಿನದ ಕೂಲಿ ಸುಮ್ನೆ ಹೋದ ಹಾಗೆ ಅಲ್ವಾ? ಆ ನಷ್ಟ ನನ್ನಿಂದ ಆದದ್ದು.

ಅವತ್ತು ತುಂಡಾದ ಹಗ್ಗವನ್ನು ಎಸೆಯದೆ ಕೈಯಲ್ಲಿ ಹಿಡಿದು ನೋಡಿದೆ. ಹಿಂದಿನ ಸಲದಂತೆಯೇ ಹಿಡಿಯ ಹತ್ತಿರ ನಾರು ನಾರಾಗಿ ಕಡಿದಿತ್ತು. ಹಗ್ಗ ಹೊರಗೆ ಬರುವ ತೂತನ್ನು ಬೆರಳಿನಿಂದ ಸವರಿದೆ. ಒಳಗಿನ ಬಳೆ, ಅಂದರೆ ಬುಷ್, ಒಂದು ಬದಿ ಸವೆದು ಚೂಪಾಗಿತ್ತು. ನಾನು ಕಟ್ಟುತ್ತಿದ್ದ ಹಗ್ಗವನ್ನು ಅದು ಕೊಯ್ಯುತ್ತಿತ್ತು. ಬುಷ್ ಬದಲಿಸಿ ಮೂರನೇ ಹಗ್ಗ ಕಟ್ಟಿದೆ. ಓರೆಯಾಗಿ ಎಳೆದರೆ ಬುಷ್ ಹೀಗೆ ಸವೆಯುತ್ತದೆ ಎಂದು ಹೇಳಿ, ನೇರ ಎಳೆಯುವುದನ್ನೂ ತೋರಿಸಿದೆ. ಎರಡು ಮಳೆಗಾಲ ಆ ಹಗ್ಗ ಬಾಳಿತು.

ಈಗ ಮಷೀನು ಬಂದ ಕೂಡಲೇ ಹಗ್ಗ ಎಲ್ಲಿ ಕಡಿದಿದೆ ಎಂದು ನೋಡುತ್ತೇನೆ. ಹಗ್ಗ ಸುತ್ತಿಕೊಳ್ಳುವ ಗಾಲಿ, ಅಂದರೆ ಪುಲ್ಲಿಯ ಗಂಟಿನ ಬಳಿ ಕಡಿದಿದ್ದರೆ, ಪ್ರತಿ ಸಲ ಕೊನೆ ಮುಟ್ಟುವ ತನಕ ಎಳೆದಿರುತ್ತಾರೆ. ಎಂಜಿನ್ನೇ ತಿರುಗದೆ ಬಿಗಿಯಾಗಿದ್ದರೆ ಕಥೆ ಬೇರೆ. ಪೆಟ್ರೋಲಿಗೆ ಬೆರೆಸದೆ ಆಯಿಲ್ ಬೇರೆಯಾಗಿ ಹಾಕುವ ಫೋರ್ ಸ್ಟ್ರೋಕ್ ಮಷೀನನ್ನು ಜೀಪಿನಲ್ಲಿ ತಲೆಕೆಳಗಾಗಿ ಹಾಕಿ ತಂದರೆ ಆಯಿಲ್ ಸಿಲಿಂಡರ್‌ಗೆ ಇಳಿಯಬಹುದು. ಆಗ ಬಲ ಹಾಕಿ ಜಗ್ಗಬಾರದು. ಸ್ಪಾರ್ಕ್ ಪ್ಲಗ್ ಬಿಚ್ಚಿ ನಿಧಾನ ಎಳೆದರೆ ಆಯಿಲ್ ಹೊರಗೆ ಬರುತ್ತದೆ. ಮುಖ ಆ ತೂತಿನ ಎದುರು ಇಡಬೇಡಿ.

ಹಗ್ಗ ಮಾತ್ರ ಹೋಗಿದ್ದರೆ ಮನೆಯಲ್ಲೇ ಹಾಕಿಕೊಳ್ಳಿ, ಅಂಗಡಿ ತನಕ ಬರಬೇಕಿಲ್ಲ. ಮೊದಲು ಪ್ಲಗ್ ಕ್ಯಾಪ್ ತೆಗೆಯಿರಿ. ಮೂರೋ ನಾಲ್ಕೋ ಸ್ಕ್ರೂ ಬಿಚ್ಚಿದರೆ ಸ್ಟಾರ್ಟರ್ ಕವರ್ ಕೈಗೆ ಬರುತ್ತದೆ. ಪುಲ್ಲಿಯ ನಡುವಿನ ಸ್ಕ್ರೂ ಮಾತ್ರ ಸುಮ್ಮನೆ ಬಿಚ್ಚಬೇಡಿ. ಅದರಡಿ ಸುರುಳಿ ಸ್ಪ್ರಿಂಗ್ ಇದೆ, ಹಾರಿದರೆ ಕಣ್ಣಿಗೇ ಬರುತ್ತದೆ. ಕನ್ನಡಕ, ಗ್ಲೌಸ್ ಇರಲಿ.

ಹಳೇ ತುಂಡುಗಳನ್ನು ಜೋಡಿಸಿ ಉದ್ದ, ದಪ್ಪ ಎರಡನ್ನೂ ಅಳೆಯಿರಿ. ಸಣ್ಣ ವೀಡ್ ಕಟರ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 3.5 ಮಿ.ಮೀ. ಹಗ್ಗ ಇರುತ್ತದೆ. ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗ ಬೇಡ, ಸ್ಟಾರ್ಟರಿನದ್ದೇ ನೈಲಾನ್ ಹಗ್ಗ ತನ್ನಿ. ತುದಿಯನ್ನು ಲೈಟರಿನಲ್ಲಿ ಕರಗಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ.

ಜಾಸ್ತಿ ಜನ ತಪ್ಪುವುದು ಸ್ಪ್ರಿಂಗ್‌ಗೆ ಬಿಗಿ ಕೊಡುವಾಗ. ಬಹಳ ಪುಲ್ಲಿಗಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಹಗ್ಗವನ್ನು ಕವರಿನ ತೂತಿನಿಂದ ತೂರಿಸಿ, ಪುಲ್ಲಿಗೂ ಹಿಡಿಗೂ ಗಂಟು ಹಾಕಿ, ಪುಲ್ಲಿಗೆ ಸುತ್ತಿ, ಆ ಕಚ್ಚಿಗೆ ಸಿಕ್ಕಿಸಿ, ಎಳೆದಾಗ ಪುಲ್ಲಿ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ಎರಡು ಮೂರು ಸುತ್ತು ತಿರುಗಿಸಿ. ಪುಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಸಡಿಲ ಹಗ್ಗವನ್ನು ತೂತಿನಿಂದ ಹೊರಗೆ ಎಳೆದುಕೊಳ್ಳಿ. ಆಮೇಲೆ ಮೆಲ್ಲಗೆ ಬಿಡಿ. ಬಿಗಿ ಕಮ್ಮಿಯಾದರೆ ಹಿಡಿ ಜೋತು ಬೀಳುತ್ತದೆ, ಜಾಸ್ತಿಯಾದರೆ ಸ್ಪ್ರಿಂಗ್ ಮುರಿಯಬಹುದು. ಕವರ್ ಕೂರಿಸುವ ಮೊದಲು ಹಗ್ಗವನ್ನು ಪೂರ್ತಿ ಎಳೆದು, ಪುಲ್ಲಿಯನ್ನು ಕೈಯಲ್ಲಿ ಅದೇ ಕಡೆಗೆ ಇನ್ನೊಂದು ಅರ್ಧ ಸುತ್ತು ತಿರುಗಿಸಿ ನೋಡಿ. ತಿರುಗದಿದ್ದರೆ ಒಂದು ಸುತ್ತು ಬಿಗಿ ಕಮ್ಮಿ ಮಾಡಿ. ತಿರುಗಿತೆಂದರೆ ಬುಷ್ಷನ್ನು ಇನ್ನೊಮ್ಮೆ ಬೆರಳಿನಿಂದ ಸವರಿ, ಸ್ಕ್ರೂ ಹಾಕಿ.