ಹೆಸರಿಗೆ ಗೆರೆ ಎಳೆಯುವ ಚುನಾವಣೆ

ಫ್ರಾನ್ಸಿನ ನಡುಭಾಗದ ಕ್ರೂಸ್ ಜಿಲ್ಲೆಯಲ್ಲಿ ನಾವು ಬಾಡಿಗೆಗಿದ್ದ ಊರಿನಲ್ಲಿ ಇನ್ನೂರು ಜನರೂ ಇರಲಿಲ್ಲ. ಅಂಗಡಿಯಿಲ್ಲ, ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಬ್ರೆಡ್ಡಿನ ವ್ಯಾನು ಹಾರ್ನ್ ಹೊಡೆದರೆ ಅದೇ ಪೇಟೆ. ಆದರೂ ಒಬ್ಬ ಮೇಯರ್, ಹನ್ನೊಂದು ಜನರ ಕೌನ್ಸಿಲ್, ವಾರಕ್ಕೆರಡು ಅರ್ಧ ದಿನ ಬಾಗಿಲು ತೆಗೆಯುವ ಕಚೇರಿ ಎಲ್ಲ ಇದ್ದವು. ನಮ್ಮ ಕಡೆ ನಾಲ್ಕೈದು ಹಳ್ಳಿ ಸೇರಿಸಿ ಒಂದು ಗ್ರಾಮ ಪಂಚಾಯಿತಿ ಮಾಡುತ್ತಾರೆ. ಫ್ರಾನ್ಸಿನಲ್ಲಿ ಇಂಥ ಸ್ಥಳೀಯ ಸಂಸ್ಥೆಗಳು ಸುಮಾರು 35,000. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ 500 ಜನರೂ ಇಲ್ಲ.

2020ರ ಮಾರ್ಚ್ 15, ಭಾನುವಾರ, ಚುನಾವಣೆ. ಹಿಂದಿನ ರಾತ್ರಿಯಷ್ಟೇ ಕೊರೊನಾದಿಂದಾಗಿ ದೇಶದ ಹೋಟೆಲುಗಳನ್ನೆಲ್ಲ ಮುಚ್ಚಿಸಿದ್ದರು, ಮತದಾನ ಮಾತ್ರ ನಿಲ್ಲಲಿಲ್ಲ. ನನಗೆ ಓಟಿಲ್ಲ. ಎಣಿಕೆ ನೋಡೋಕೆ ಯಾರು ಬೇಕಾದರೂ ಹೋಗಬಹುದು ಎಂದು ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕರೆದುಕೊಂಡು ಹೋದರು. ಅವರೂ ಕೌನ್ಸಿಲಿನಲ್ಲಿದ್ದವರೇ. ಜನವರಿ ಕೊನೆಗೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟಿದ್ದೇ ಬಿಟ್ಟಿದ್ದು, ಓಟು ಹಾಕುವ ಹಕ್ಕೂ ಹೋಯ್ತು, ನಿಲ್ಲುವ ಹಕ್ಕೂ ಹೋಯ್ತು. "ಈಗ ನಾನೂ ನಿನ್ನ ಹಾಗೇ ನೋಡು" ಅಂದರು.

ಸಂಜೆ ಆರಕ್ಕೆ ಪಾರದರ್ಶಕ ಪೆಟ್ಟಿಗೆಯ ಬೀಗ ತೆಗೆದರು. ಎಣಿಸುವವರೂ ಊರಿನ ಮತದಾರರೇ. ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಆಗೊಂದು ಪದ್ಧತಿಯಿತ್ತು: ಚೀಟಿಯಲ್ಲಿ ಅಚ್ಚಾದ ಹೆಸರುಗಳಲ್ಲಿ ಬೇಡದವರ ಮೇಲೆ ಪೆನ್ನಿನಿಂದ ಗೆರೆ ಎಳೆಯಬಹುದು. ನಮ್ಮೂರಲ್ಲಿ ನಿಂತಿದ್ದು ಒಂದೇ ಪಟ್ಟಿ, ಹನ್ನೊಂದು ಸ್ಥಾನಕ್ಕೆ ಹನ್ನೊಂದೇ ಹೆಸರು. ಒಬ್ಬರು ಲಕೋಟೆ ಬಿಚ್ಚೋದು, ಇನ್ನೊಬ್ಬರು ಗೆರೆ ಬೀಳದ ಹೆಸರುಗಳನ್ನು ಗಟ್ಟಿಯಾಗಿ ಓದೋದು, ಇಬ್ಬರು ಹಾಳೆಯಲ್ಲಿ ಗುರುತು ಹಾಕೋದು. ಉಪಮೇಯರ್ ಹೆಸರು ಬರಬೇಕಾದ ಕಡೆ ಓದುವವರು ಮತ್ತೆ ಮತ್ತೆ ಹಾರಿ ಮುಂದಕ್ಕೆ ಹೋಗುತ್ತಿದ್ದರು. ರಸ್ತೆಗೆ ಚಾಚಿದ ಬೇಲಿ ಕತ್ತರಿಸಿ ಎಂದು ಹಿಂದಿನ ವರ್ಷ ಮನೆಮನೆಗೂ ಹೋಗಿ ಹೇಳಿದವರು ಅವರು. ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ಚೀಟಿಯಲ್ಲಂತೂ ಪೆನ್ನು ಒತ್ತಿದ ರಭಸಕ್ಕೆ ಕಾಗದವೇ ಹರಿದಿತ್ತು. ಇನ್ನೊಂದನ್ನು ಮೇಯರ್ ಓದಿಸದೆ ಬದಿಗಿಟ್ಟರು. "ಬೈಗುಳ ಬರೆದಿದ್ದಾರೆ, ಬೈದರೆ ಓಟು ಅಸಿಂಧು" ಎಂದು ಅಜ್ಜಿ ಕಿವಿಯಲ್ಲಿ ಹೇಳಿದರು.

ನಮ್ಮಲ್ಲಿ ಅವಿರೋಧ ಆಯ್ಕೆ ಅಂದರೆ ಹಾರ, ಪಟಾಕಿ, ಮುಗೀತು. ಅದೂ ಹಿಂದಿನ ದಿನ ದೇವಸ್ಥಾನದ ಹೆಸರಲ್ಲಿ ಹರಾಜು ನಡೆಯದೇ ಇದ್ದರೆ. ಅಲ್ಲಿ ಎದುರಾಳಿಯೇ ಇಲ್ಲದವರೂ ಎಷ್ಟು ಮನೆಯವರಿಗೆ ತಾವು ಬೇಡ ಅನ್ನೋದನ್ನು ನಿಂತು ಕೇಳಬೇಕಿತ್ತು. ನನಗಿದು ಬಹಳ ಹಿಡಿಸಿತು. 2025ರ ಕಾನೂನು ಇದನ್ನು ತೆಗೆದುಹಾಕಿದೆ. ಇನ್ನು ಸಣ್ಣ ಊರುಗಳಲ್ಲೂ ಗಂಡು ಹೆಣ್ಣು ಒಬ್ಬರಾದ ಮೇಲೊಬ್ಬರು ಬರುವ ಪಟ್ಟಿಯೇ, ಗೆರೆ ಎಳೆದರೆ ಓಟೇ ರದ್ದು. ಕೌನ್ಸಿಲಿಗೆ ಹೆಂಗಸರು ಬರಲಿ, ಬರಲೇಬೇಕು. ಆ ಪೆನ್ನನ್ನೂ ಉಳಿಸಬಹುದಿತ್ತೇನೋ.

ಉಪಮೇಯರ್ ಎಲ್ಲರಿಗಿಂತ ಕಡಿಮೆ ಓಟಿನಲ್ಲಿ ಗೆದ್ದರು. 17ರ ಮಧ್ಯಾಹ್ನದಿಂದ ಲಾಕ್‌ಡೌನ್. ಹೊಸ ಕೌನ್ಸಿಲ್ ಸೇರಿದ್ದೇ ಮೇ ಕೊನೆಯ ವಾರ. ಅದಕ್ಕೂ ಮುಂಚೆ ಒಂದು ಬೆಳಿಗ್ಗೆ ಅವರು ಬಟ್ಟೆಯ ಮಾಸ್ಕುಗಳ ಚೀಲ ಹಿಡಿದು ನಮ್ಮ ಗೇಟಿಗೆ ಬಂದರು. ಎಲ್ಲ ಮನೆಗೂ ಕೊಡ್ತಿದ್ದೀರಾ ಎಂದು ಕೇಳಿದೆ. "ಎಲ್ಲರಿಗೂ," ಅಂದರು, "ಗೆರೆ ಎಳೆದವರ ಮನೆಗೇ ಮೊದಲು ಹೋಗಿ ಬಂದೆ. ಅವರ ಬೇಲಿ ಇನ್ನೂ ಹಾಗೇ ಇದೆ."