ಫ್ರೀಮಾಂಟ್‌ಗೆ ಮಕ್ಕಳ ಮನೆಗೆ ಹೊರಟವರಿಗೆ: ಕಾರಿಲ್ಲದೆ ಪಾರ್ಕು ಸುತ್ತಿದ್ದು

ಮಗಳ ಮನೆಗೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದ ಮೊದಲ ವಾರ ನಾನೂ ಯಜಮಾನರೂ ಕಿಟಕಿ ಪಕ್ಕ ಕೂತೇ ಕಳೆದೆವು. ಮಗಳು, ಅಳಿಯ ಆಫೀಸಿಗೆ ಹೊರಟರೆ ಕಾರೂ ಹೋಯಿತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಂಟನೇ ದಿನ ಎಲಿಜಬೆತ್ ಕೆರೆಗೆ ಹೋದೆವು. ಅಲ್ಲಿಂದಾಚೆಗೆ ಬೇಸರ ಅನ್ನುವುದೇ ಬರಲಿಲ್ಲ.

ಕೆರೆ ಇರುವುದು ಸೆಂಟ್ರಲ್ ಪಾರ್ಕಿನೊಳಗೆ. ಬಾರ್ಟ್ ಅಂದರೆ ಇಲ್ಲಿನ ಲೋಕಲ್ ರೈಲು; ಅದರ ಫ್ರೀಮಾಂಟ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು, ನಮ್ಮ ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ಸುತ್ತಲೂ ಸುಮಾರು 2 ಮೈಲಿ ದಾರಿ. ಏರಿಳಿತ ಇಲ್ಲವೇ ಇಲ್ಲ, ಮಂಡಿನೋವಿನವರೂ ನಿಧಾನವಾಗಿ ಒಂದು ಸುತ್ತು ಹಾಕಬಹುದು. ದಾರಿಯುದ್ದಕ್ಕೂ ಬೆಂಚುಗಳಿವೆ, ಶೌಚಾಲಯ ಇದೆ. ಊರಿನ ದಕ್ಷಿಣಕ್ಕಿರುವ ವಾರ್ಮ್ ಸ್ಪ್ರಿಂಗ್ಸ್ ಕಡೆಗೆ 2017ರಲ್ಲಿ ಶುರುವಾದ ಬಾರ್ಟ್ ರೈಲು ಇದೇ ಪಾರ್ಕಿನ ಅಡಿಯಲ್ಲಿ ಸುರಂಗದಲ್ಲಿ ಓಡುತ್ತದಂತೆ. ಮೇಲೆ ನಡೆಯುವಾಗ ಒಂದಿಷ್ಟೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹೋದರೆ ಪಂಜಾಬಿ, ಗುಜರಾತಿ, ತೆಲುಗು ಮಾತು ಕಿವಿಗೆ ಬೀಳುತ್ತದೆ. ಮೂರನೇ ದಿನ ಎದುರಿಗೆ ಬಂದ ಒಬ್ಬರು ನಮ್ಮ ಮಾತು ಕೇಳಿ ನಿಂತು, "ನಿಮ್ದು ಯಾವೂರಾಯ್ತು?" ಅಂದರು. ತಿಪಟೂರಿನವರು. ಆಮೇಲೆ ದಿನವೂ ಜೊತೆಯಾದರು.

ಹಕ್ಕಿಗಳನ್ನು ನೋಡಲಿಕ್ಕಾದರೂ ಹೋಗಿ. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಯ ನೆಂಟರು ಇಲ್ಲಿಗೂ ಬರುತ್ತಾರೆ: ಬಿಳಿ ಮೈ, ಕಿತ್ತಳೆ ಬಣ್ಣದ ಕೊಕ್ಕು. ಹೆಬ್ಬಾತುಗಳಂತೂ ಹುಲ್ಲಿನ ಮೇಲೆಲ್ಲ ಇರುತ್ತವೆ. ಅವಕ್ಕೆ ಬ್ರೆಡ್ಡು, ಅನ್ನ ಹಾಕಬೇಡಿ. ಹುಲ್ಲಿನ ಮೇಲೆ ಕೂರಲು ಹಳೆಯ ಜಮಖಾನ ಒಯ್ಯಿರಿ, ನೆಲದಲ್ಲಿ ಹಿಕ್ಕೆ ಬಿದ್ದಿರುತ್ತದೆ.

ಶನಿವಾರ ಕಾರು ಸಿಕ್ಕಿದರೆ ಕೊಯೋಟಿ ಹಿಲ್ಸ್ ಅನ್ನುವ ಪಾರ್ಕಿಗೆ ಹೋಗಿ. ಜವುಗಿನ ನಡುವೆ ಮರದ ಹಲಗೆ ಹಾಸಿದ ದಾರಿ ಇದೆ. ಜೊಂಡಿನ ಮಧ್ಯೆ ನಡೆಯುತ್ತ ಹೋದರೆ ಊರೇ ಮರೆತುಹೋಗುತ್ತದೆ. ಗುಡ್ಡ ಹತ್ತಿದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ನೀರು, ಉಪ್ಪಿನ ಮಡಿಗಳು ಕಾಣುತ್ತವೆ. ಈ ನೆಲದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಓಲೋನಿ ಜನ ಸಾವಿರಾರು ವರ್ಷ ಬಾಳಿದ್ದರು. ಮಧ್ಯಾಹ್ನ ಕಳೆದರೆ ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಬೇಕು.

ಊರಿನ ಪಕ್ಕದ ಮಿಷನ್ ಪೀಕ್ ಬೆಟ್ಟ ಬೇರೆಯದೇ ಮಾತು. ಎತ್ತರ 2517 ಅಡಿ, ಸ್ಟ್ಯಾನ್‌ಫರ್ಡ್ ಅವೆನ್ಯೂ ಕಡೆಯಿಂದ ಹೋಗಿಬರಲು ಸುಮಾರು 6 ಮೈಲಿ, ನೆರಳು ತೀರಾ ಕಡಿಮೆ. ಬಿ.ಪಿ., ಮಂಡಿನೋವು ಇದ್ದವರು ಮಕ್ಕಳ ಒತ್ತಾಯಕ್ಕೆ ಹೊರಡಬೇಡಿ. ಹೋಗುವವರು ಬೆಳಕು ಹರಿಯುವಾಗಲೇ ಹೊರಟು ತಲೆಗೆ ಎರಡು ಬಾಟಲಿ ನೀರು ಇಟ್ಟುಕೊಳ್ಳಿ.

ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಮಾರ್ಚ್‌ನಲ್ಲಿ ಗುಡ್ಡಗಳೆಲ್ಲ ಹಸಿರು, ಜೂನ್ ಹೊತ್ತಿಗೆ ಒಣಹುಲ್ಲು. ಟಿಕೆಟ್ ತೆಗೆಸುವ ಮೊದಲು ಇದನ್ನು ಮಕ್ಕಳಿಗೆ ಹೇಳಿ.

ಇನ್ನೊಂದು, ಬೀದಿಗಳೆಲ್ಲ ಒಂದೇ ಥರ ಕಾಣುತ್ತವೆ. ಮೊದಲ ದಿನ ವಾಪಸು ಬರುವಾಗ ನಾವು ತಿರುವು ತಪ್ಪಿದ್ದೆವು. ಮರುದಿನದಿಂದ ವಿಳಾಸ ಬರೆದ ಚೀಟಿ ಯಜಮಾನರ ಜೇಬಿನಲ್ಲಿ, ಇನ್ನೊಂದು ನನ್ನ ಪರ್ಸಿನಲ್ಲಿ.